ಲಿಫ್ಟ್ ಗುಂಡಿಯ ಮುಂದೆ ಹಳದಿ ಪರದೆ

ಕೊರೊನಾ ಕಾಟ ಮುಗಿದು ಎರಡು ವರ್ಷವಾಗಿತ್ತು. ದೊಡ್ಡಬಳ್ಳಾಪುರದಲ್ಲಿ, ಘಾಟಿಗೆ ಹೋಗುವ ರಸ್ತೆಯ ಪಕ್ಕ, ನಾಲ್ಕು ಮಹಡಿಯ ಅಪಾರ್ಟ್‌ಮೆಂಟೊಂದಕ್ಕೆ ನಾನು ಆರ್ಕಿಟೆಕ್ಟ್ ಆಗಿದ್ದೆ. ನಕ್ಷೆ ನನ್ನದು, ವಾರಕ್ಕೊಮ್ಮೆ ಸೈಟ್ ನೋಡುವ ಹೊಣೆಯೂ ನನ್ನದು. ನನ್ನ ಕಟ್ಟಡಗಳನ್ನು ನೆಂಟರಿಗೆ ತೋರಿಸಿ ಜಂಬ ಕೊಚ್ಚಿಕೊಳ್ಳುವವಳು ನಾನು. ಇದೊಂದರ ಮುಂದೆ ಕಾರು ಹಾದರೆ ಮಾತ್ರ ಇವತ್ತಿಗೂ ಮುಖ ಆ ಕಡೆ ತಿರುಗಿಸಿಬಿಡುತ್ತೇನೆ.

ಆ ನಕ್ಷೆ ನನಗೇ ಹಿಡಿಸಿರಲಿಲ್ಲ. ಬಿಲ್ಡರ್ ಮುನಿರಾಜು, "ಓಡಾಡೋ ಜಾಗಕ್ಕೆ ಯಾರೂ ಕಾಸು ಕೊಡಲ್ಲ ಮೇಡಂ. ಲಾಬಿ ಕಮ್ಮಿ ಮಾಡಿ, ಹಾಲ್ ದೊಡ್ಡದು ಮಾಡಿ" ಎಂದ. ಲಾಬಿ ಎಂದರೆ ಮೆಟ್ಟಿಲು, ಲಿಫ್ಟ್, ಮನೆಬಾಗಿಲುಗಳ ನಡುವಿನ ಜಾಗ. ನಿಯಮ ಎಷ್ಟು ಹೇಳುತ್ತದೋ ಅಷ್ಟಕ್ಕೆ ಕುಗ್ಗಿಸಿದೆ, ಒಂದಂಗುಲ ಹೆಚ್ಚಿಲ್ಲ. ಬಾಗಿಲಿಗೆ ಎದುರೇ ಲಿಫ್ಟ್. ಅಡುಗೆಮನೆ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೊಂಡವರು ಬಂದು ನೋಡಿ ಮುಖ ಸಣ್ಣದು ಮಾಡಿಕೊಂಡರು. ಮೂರನೇ ಮಹಡಿಯಲ್ಲಿ ಮನೆ ಕೊಂಡಿದ್ದ ಮಂಜುನಾಥ್, ಊರೊಳಗೆ ರೇಷ್ಮೆ ಮಗ್ಗ ಇಟ್ಟಿದ್ದವರು, ನೇರವಾಗಿಯೇ ಕೇಳಿದರು: "ಹಗಲೊತ್ತೂ ಲೈಟ್ ಹಾಕ್ಕೊಂಡು ಅಡುಗೆ ಮಾಡ್ಬೇಕಾ ಮೇಡಂ?"

ಮುಂದಿನ ವಾರ ಅವರೇ ಫೋನ್ ಮಾಡಿದರು. "ಆಷಾಢ ಬಂದ್ಬಿಡುತ್ತೆ, ಅಷ್ಟ್ರೊಳಗೆ ಹಾಲುಕ್ಕಿಸ್ಕೊಂಡ್ಬಿಡ್ತೀವಿ. ಆಮೇಲೆ ನಿಧಾನಕ್ಕೆ ಕೆಲಸ ಮುಗಿಸ್ಕೊಳ್ಳಿ." ನಮ್ಮ ಕಡೆ ಇದು ಹೊಸದೇನಲ್ಲ, ಗಾರೆ ಆರದ ಮನೆಯಲ್ಲೂ ಹೋಮ ನಡೆದುಬಿಡುತ್ತದೆ. ಆದರೆ ಲಿಫ್ಟ್ ಇನ್ನೂ ಕೂತಿರಲಿಲ್ಲ, ಪ್ರತಿ ಮಹಡಿಯಲ್ಲೂ ಅದು ಓಡಾಡಬೇಕಾದ ಗುಂಡಿಯ ಬಾಯಿಗೆ ಪ್ಲೈವುಡ್ ಹಲಗೆ ಅಡ್ಡ ಬಡಿಸಿದ್ದೆವು. ಬೇಡ ಎನ್ನಬೇಕಿತ್ತು. ಕತ್ತಲೆ ಅಡುಗೆಮನೆ ಕೊಟ್ಟವಳು ಪೂಜೆಗೂ ಕಲ್ಲು ಹಾಕಿದಳು ಅನ್ನಿಸಿಕೊಳ್ಳುವುದು ಬೇಡವೆಂದು ಹೂಂ ಅಂದುಬಿಟ್ಟೆ.

ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಹತ್ತಿ ಹೋದರೆ ಲಾಬಿ ತುಂಬ ಜನ. ಲಿಫ್ಟ್ ಜಾಗದಲ್ಲಿ ಹಳದಿ ಬಟ್ಟೆಯ ಪರದೆ, ಮೇಲೆ ಚೆಂಡುಹೂವಿನ ಮಾಲೆ. "ಪರವಾಗಿಲ್ವೇ, ಈ ಬೋಳು ಲಾಬಿಗೂ ಒಂದು ಕಳೆ ಬಂತು!" ಎಂದು ನಾನೇ ಹೊಗಳಿದೆ. ಟೆರೇಸಿನಲ್ಲಿ ಊಟದ ಟೇಬಲ್ ಸಾಲದೆ ಶಾಮಿಯಾನದವರು ಗುಂಡಿಯ ಪ್ಲೈವುಡ್ಡನ್ನೇ ಕಿತ್ತು ಮೇಲಕ್ಕೆ ಒಯ್ದಿದ್ದರು. ಗುಂಡಿ ಕಂಡರೆ ಚೆನ್ನಾಗಿರುವುದಿಲ್ಲ ಎಂದು ಬಟ್ಟೆ ಇಳಿಬಿಟ್ಟಿದ್ದರು. ನನಗದು ಹೊಳೆಯಲೇ ಇಲ್ಲ. ಥೂ, ಇದೇ ಕಸುಬಿನ ನನಗೆ ಹೊಳೆಯದಿದ್ದರೆ ಇನ್ಯಾರಿಗೆ ಹೊಳೆಯಬೇಕು?

ಬಡಿಸುವವನೊಬ್ಬ ಸಾಂಬಾರಿನ ಬಕೆಟ್ ಹಿಡಿದು, "ದಾರಿ ಬಿಡಿ, ಬಿಸಿ, ಬಿಸಿ!" ಎಂದು ನುಗ್ಗಿಕೊಂಡು ಬಂದ. ಮಂಜುನಾಥರ ತಾಯಿ ಗೌರಮ್ಮ ಸೆರಗು ಮುದುರಿಕೊಂಡು ಹಿಂದಕ್ಕೆ ಸರಿದರು, ಪರದೆಗೆ ಒರಗಿದರು. ನನ್ನ ಕಣ್ಣೆದುರೇ ಪರದೆ ಸಮೇತ ಕೆಳಗೆ ಹೋದರು.

ಲಿಫ್ಟ್ ಕೂರಿಸುವವರು ನಿಂತು ಕೆಲಸ ಮಾಡಲೆಂದು ಕೆಳಗಿನ ಮಹಡಿಯ ಮಟ್ಟಕ್ಕೆ ಗುಂಡಿಯೊಳಗೆ ಹಲಗೆ ಕಟ್ಟಿದ್ದರು. ಅದರ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು. ಮುನಿರಾಜು ಶಾಮಿಯಾನದವರ ಮೇಲೆ ಹರಿಹಾಯ್ದ, ಅವರು ಮನೆಯವರ ಕಡೆ ಕೈ ತೋರಿಸಿದರು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ನಕ್ಷೆಯಲ್ಲಿ ಎಲ್ಲವೂ ನಿಯಮದ ಪ್ರಕಾರ ಇತ್ತಲ್ಲ! ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಸುರಕ್ಷತೆ ಎಂದರೆ ಹೆಲ್ಮೆಟ್ಟು, ಬೆಲ್ಟು, ಸೈಟ್ ಇಂಜಿನಿಯರನ ತಲೆನೋವು ಎಂದೇ ತಿಳಿದಿದ್ದೆ. ಪೇಪರಿನ ಮೇಲೆ ಮೊದಲ ಗೆರೆ ಎಳೆಯುವಾಗಲೇ ಅದು ಶುರುವಾಗುತ್ತದೆ ಎಂದು ಈ ಕಸುಬು ನನಗೆ ಕಲಿಸಿದ್ದು ಒಬ್ಬರ ಸೊಂಟ ಮುರಿದ ಮೇಲೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಲಾಬಿಗೆ, ನಿಯಮ ಒಪ್ಪಿದರೂ, ಈಗ ನಾನು ಸಹಿ ಹಾಕುವುದಿಲ್ಲ.

ಆಪರೇಷನ್ ಆದಮೇಲೆ ಗೌರಮ್ಮನವರನ್ನು ನೋಡಲು ಆಸ್ಪತ್ರೆಗೆ ಹೋದೆ. ಹೋಗುವ ಮನಸ್ಸಿರಲಿಲ್ಲ. ನನ್ನನ್ನು ಕಂಡಕೂಡಲೇ ಅವರು ಕೈ ಹಿಡಿದುಕೊಂಡರು.

"ನಂದೇ ತಪ್ಪು ಕಣಮ್ಮ. ದಾರಿಗಡ್ಡ ನಿಂತ್ಬಿಟ್ಟಿದ್ದೆ. ಸ್ವಲ್ಪ ಪಕ್ಕಕ್ಕೆ ನಿಂತ್ಕೋಬೇಕಿತ್ತು."

"ಪಕ್ಕದಲ್ಲಿ ಜಾಗ ಇರ್ಲಿಲ್ಲಮ್ಮ" ಎಂದೆ. "ನಾನು ಬಿಟ್ಟಿರ್ಲಿಲ್ಲ."