ಸಣ್ಣ ದನಿಯವನ ಕಬಡ್ಡಿ

ಹೋದ ವಾರ ತಾರಸಿಯ ಕುಂಡಗಳಿಗೆಂದು ಒಂದು ಕೋಕೋಪೀಟ್ ಇಟ್ಟಿಗೆ ತಂದೆ. ನೀವೂ ನೋಡಿರುತ್ತೀರಿ. ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಹೊಟ್ಟನ್ನು ಇಟ್ಟಿಗೆಯ ಹಾಗೆ ಒತ್ತಿ, ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಗುಲಾಬಿ ಹೂವಿನ ಚಿತ್ರ ಅಂಟಿಸಿ ಮಾರುತ್ತಾರೆ. ಬಕೆಟ್ಟಿನಲ್ಲಿಟ್ಟು ನೀರು ಸುರಿದರೆ ಉಬ್ಬುತ್ತದೆ ಅಂದಿದ್ದ ಅಂಗಡಿಯವನು. ಸುರಿದೆ, ಉಬ್ಬಿತು. ಜೊತೆಗೆ ಒದ್ದೆ ನಾರಿನ, ಸ್ವಲ್ಪ ಹುಳಿ ಹುಳಿಯಾದ ಒಂದು ವಾಸನೆಯೂ ಎದ್ದಿತು. ಸದಾಶಿವನಗರದ ತಾರಸಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದವನು ಸೀದಾ ಗುಬ್ಬಿಗೆ ಹೋಗಿ ಬಿದ್ದೆ.

ಆ ಕಾಲಕ್ಕೆ ಗುಬ್ಬಿಯಲ್ಲಿ ಈ ಹೊಟ್ಟನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ತೆಂಗಿನಕಾಯಿ ಮಂಡಿಗಳ ಹಿಂದೆ ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಅದು ಬೇಕಾಗಿದ್ದದ್ದು ಕಬಡ್ಡಿ ಹುಡುಗರಿಗೆ ಮಾತ್ರ. ಪಂದ್ಯಕ್ಕೆ ನಾಲ್ಕು ದಿನ ಮುಂಚೆ ಅಂಕಣ ಅಗೆದು, ಜರಡಿ ಹಿಡಿದ ಕೆಮ್ಮಣ್ಣಿಗೆ ಈ ಹೊಟ್ಟು ಬೆರೆಸಿ, ನೀರು ಚಿಮುಕಿಸಿ ತುಳಿಯುತ್ತಿದ್ದರು. ಬಿದ್ದರೆ ಮೊಣಕಾಲು ತರಚಬಾರದು ಅಂತ. ನಾನು ಒಂದು ದಿನವೂ ಆ ಮಣ್ಣಿನ ಮೇಲೆ ಬಿದ್ದವನಲ್ಲ. ಕಬಡ್ಡಿ ವಿಷಯದಲ್ಲಿ ನನ್ನ ಬಾಯಿಗಿದ್ದ ಬಲ ಕಾಲಿಗಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ದಿನಗಳು. ನಾನು ಹುಟ್ಟಿ ಬೆಳೆದದ್ದು ಕುಣಿಗಲ್ಲಿನಲ್ಲಿ, ಗುಮಾಸ್ತನ ಕೆಲಸ ಸಿಕ್ಕಿದ್ದು ಗುಬ್ಬಿಯಲ್ಲಿ. ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಸಂಜೆ ಕಚೇರಿ ಬಿಟ್ಟರೆ ಕಾಲು ತಾನಾಗಿಯೇ ಬಾಷಾ ಸಾಬರ ಟೈಲರ್ ಅಂಗಡಿಗೆ ಹೋಗುತ್ತಿತ್ತು. ಸಾಬರು ಗುಬ್ಬಿ ಕಬಡ್ಡಿ ತಂಡದ ಚಡ್ಡಿ ಬನಿಯನ್ನುಗಳಿಗೆ ನಂಬರು ಹೊಲಿಯುವವರು, ಅಷ್ಟರಿಂದಲೇ ತಂಡದ ಅರ್ಧ ಯಜಮಾನರು. ಹುಡುಗರ ಚಡ್ಡಿಗಳು ಹೇಳಿದ ದಿನಕ್ಕೆ ಸಿದ್ಧ. ನಮ್ಮಂಥವರ ಬಟ್ಟೆಯ ಕತೆ ಮಾತ್ರ ಕೇಳಬೇಡಿ. ನನ್ನ ಮದುವೆಗೆಂದು ಕೊಟ್ಟ ಪ್ಯಾಂಟು ಮಗಳ ನಾಮಕರಣಕ್ಕೆ ಕೈ ಸೇರಿತು, ಅಷ್ಟರಲ್ಲಿ ನನ್ನ ಸೊಂಟದ ಅಳತೆ ಬದಲಾಗಿತ್ತು.

ಅದೇ ಅಂಗಡಿಯ ಬೆಂಚಿಗೆ ಇನ್ನೊಬ್ಬರು ಖಾಯಂ ಗಿರಾಕಿ, ತೆಂಗಿನಕಾಯಿ ಮಂಡಿಯ ರುದ್ರಯ್ಯನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಅಂಕಣಕ್ಕೆ ಹೊಟ್ಟು ಹೋಗುತ್ತಿದ್ದದ್ದು ಅವರ ಮಂಡಿಯಿಂದಲೇ. ಸೋಮವಾರ ಮಠಕ್ಕೆ ಹೋಗುವುದು, ಉಳಿದ ದಿನ ಕಬಡ್ಡಿ ಮಾತಾಡುವುದು, ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದರು.

ಆ ವರ್ಷ ಜಿಲ್ಲಾ ಮಟ್ಟದ ನಾಕೌಟ್ ಪಂದ್ಯಗಳು ಗುಬ್ಬಿಯಲ್ಲಿ ನಡೆದವು. ಸೋತವರು ಗಂಟುಮೂಟೆ ಕಟ್ಟಬೇಕು. ಸೆಮಿಫೈನಲ್ಲಿಗೆ ಗುಬ್ಬಿಗೆ ಎದುರಾಗಿ ಬಂದದ್ದು ಕುಣಿಗಲ್. ಕುಣಿಗಲ್ ತಂಡದ ಮುಖ್ಯ ದಾಳಿಗಾರ ನನ್ನ ತಮ್ಮ ನಂಜುಂಡ. ಅವನು ನನಗೆ ಕಾಗದ ಬರೆದಿದ್ದ. ಆ ದಿನ ಜಿಲ್ಲಾ ತಂಡಕ್ಕೆ ಆರಿಸುವವರು ಬಂದು ಕೂರುತ್ತಾರಂತೆ, ಈ ಮ್ಯಾಚಿನಲ್ಲಿ ಚೆನ್ನಾಗಿ ಆಡಿದರೆ ತಾನು ಸೇರಿದ ಹಾಗೆಯೇ, ನೀನು ನೋಡಲು ಬರಲೇಬೇಕು ಅಣ್ಣ ಅಂತ. ಆ ಕಾಗದ ಜೇಬಿನಲ್ಲಿಟ್ಟುಕೊಂಡೇ ನಾನು ಬೆಂಚಿನ ಮೇಲೆ ಕೂತಿದ್ದೆ. ಇದನ್ನು ನೀವು ಮರೆಯಬೇಡಿ, ಯಾಕೆಂದರೆ ಆ ಸಂಜೆ ನಾನು ಮರೆತೆ.

ಚರ್ಚೆ ಎದ್ದದ್ದು ಸ್ವಂತ ಊರಲ್ಲಿ ಆಡುವವರಿಗೆ ಅಷ್ಟು ಬಲ ಎಲ್ಲಿಂದ ಬರುತ್ತದೆ ಅನ್ನುವುದರ ಬಗ್ಗೆ. ತನ್ನ ಬೀದಿಯಲ್ಲಿ ನಾಯಿಯೂ ಹುಲಿ ಅಂತ ಗಾದೆ ಇದೆ, ಸರಿ. ಆದರೆ ಬೀದಿಯಲ್ಲಿ ಏನಿದೆ ಅಂತ?

"ಮಣ್ಣು ಕಣಪ್ಪ" ಅಂದರು ರುದ್ರಯ್ಯನವರು. "ನಮ್ ಹುಡುಗ್ರ ಪಾದಕ್ಕೆ ಗೊತ್ತು, ಎಲ್ಲಿ ಎಷ್ಟು ಹೂತ್ಕೊಳ್ತದೆ ಅಂತ. ಕುಣಿಗಲ್ನೋರು ಗಟ್ಟಿ ನೆಲದ ಮ್ಯಾಲೆ ಆಡಿ ಬೆಳ್ದೋರು. ಇಲ್ಲಿ ಬಂದ್ರೆ ಕಾಲು ಕೀಳಕ್ಕೇ ಆಗಲ್ಲ."

"ಮಣ್ಣಲ್ಲ ರುದ್ರಯ್ಯನೋರೇ, ಮುದ್ದೆ" ಅಂದರು ಬಾಷಾ ಸಾಬರು, ಸೂಜಿಗೆ ದಾರ ಪೋಣಿಸುತ್ತಾ. "ನಮ್ಮೋರು ಮನೇಲಿ ಉಂಡು, ಒಂದ್ ನಿದ್ದೆ ತೆಗ್ದು ಗ್ರೌಂಡಿಗೆ ಬರ್ತಾರೆ. ಅವ್ರು ಕುಣಿಗಲ್ಲಿಂದ ತುಮಕೂರು, ತುಮಕೂರಿಂದ ಗುಬ್ಬಿ, ಎರಡು ಬಸ್ಸಲ್ಲಿ ನಿಂತ್ಕೊಂಡು ಬರ್ಬೇಕು. ಹೋಟ್ಲು ಚಿತ್ರಾನ್ನ ತಿಂದು ಏನ್ ದಮ್ ಕಟ್ತಾರೆ?"

ಇಬ್ಬರೂ ನನ್ನ ಮುಖ ನೋಡಿದರು. ಸಂಬಳ ಗುಬ್ಬಿಯದು, ರಕ್ತ ಕುಣಿಗಲ್ಲಿನದು, ಈ ಕ್ಲರ್ಕು ಏನು ಹೇಳುತ್ತಾನೋ ಅಂತ. ನನಗೆ ವಾದದಲ್ಲಿ ಗೆಲ್ಲುವ ಚಪಲ ಹುಟ್ಟುಗುಣ. ನಿಮಗೂ ಅಂಥವರೊಬ್ಬರ ಪರಿಚಯವಿದ್ದೇ ಇರುತ್ತದೆ. ಮನೆ ಹಾಳಾದರೂ ಸರಿ, ಮಾತು ಗೆಲ್ಲಬೇಕು.

"ಮಣ್ಣೂ ಅಲ್ಲ, ಮುದ್ದೇನೂ ಅಲ್ಲ. ಸದ್ದು" ಅಂದೆ. "ಕಬಡ್ಡಿ ಕಬಡ್ಡಿ ಅನ್ನೋದು ಅಂಪೈರ್ ಕಿವಿಗೆ ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ದಮ್ಮು ಹೋಯ್ತು ಅಂತ ಔಟ್ ಕೊಡ್ತಾನೆ. ಊರಿನ ಜನ ತಮ್ಮೋನು ಹೋದಾಗ ಸುಮ್ನಿದ್ದು, ಬೇರೆ ಊರೋನು ಬಂದಾಗ ಕಿರುಚಿದ್ರೆ ಮುಗೀತು."

"ಗಟ್ಟಿ ದನಿಯೋನಾದ್ರೆ?" ಅಂದರು ರುದ್ರಯ್ಯನವರು.

"ಗಟ್ಟಿ ದನಿಯೋನು ಬದುಕ್ಕೊಂತಾನೆ. ನನ್ ತಮ್ಮನಂಥೋನು ಸತ್ತ. ನಮ್ಮಮ್ಮ ಹೇಳ್ತಾರೆ, ನಂಜ ಮಾತಾಡೋದು ಒಲೆ ಮೇಲೆ ಅನ್ನ ಕುದ್ದಂಗೆ, ಪಕ್ಕಕ್ಕೋಗಿ ಕಿವಿ ಕೊಟ್ರೇನೇ ಕೇಳ್ಸೋದು ಅಂತ. ಅವ್ನು ಬಾಯಿ ಬುಟ್ರೆ ಸಾಕು, ಅನ್ನ ಬೆಂತೇನೋ ಅಂತ ಮನೇಲೆಲ್ಲ ರೇಗಿಸ್ತೀವಿ."

ಬಾಷಾ ಸಾಬರು ಮಿಷನ್ ತುಳಿಯುವುದನ್ನು ನಿಲ್ಲಿಸಿದರು. ನನ್ನ ತರ್ಕಕ್ಕೆ ತಲೆದೂಗಿ ನಿಲ್ಲಿಸಿದ್ದಾರೆ ಅಂದುಕೊಂಡೆ. ರುದ್ರಯ್ಯನವರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, "ಅನ್ನ ಕುದ್ದಂಗಾ?" ಅಂತ ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡರು. ಆಗಲೂ ನನಗೆ ಹೊಳೆಯಲಿಲ್ಲ. ವಾದ ಗೆದ್ದ ಖುಷಿಯಲ್ಲಿ ಮೂವರಿಗೂ ನಾನೇ ಟೀ ತರಿಸಿದೆ.

ಪಂದ್ಯದ ದಿನ ನಾಲ್ಕು ಗಂಟೆಗೇ ಜನ ಕಿಕ್ಕಿರಿದಿದ್ದರು. ಒಂದು ಕಡೆ ಬೆಂಚು ಹಾಕಿ, ಆರಿಸುವವರು ಮೂರು ಜನ ಕೂತಿದ್ದರು. ನಾನು ಸಾಬರ ಪಕ್ಕ, ಅಂಕಣಕ್ಕೆ ಕಟ್ಟಿದ್ದ ಹಗ್ಗಕ್ಕೆ ಆತುಕೊಂಡು ನಿಂತೆ. ಬರುವಾಗ ನಂಜನಿಗೆ ಎರಡು ಬಾಳೆಹಣ್ಣು ಕೊಟ್ಟಿದ್ದೆ. ಅವನು ಏನೋ ಹೇಳಿದ. ಗಲಾಟೆಯಲ್ಲಿ ಕೇಳಿಸಲಿಲ್ಲ. ಹ್ಞಾ ಹ್ಞಾ ಅಂದೆ. ಅವನ ಮಾತು ಕೇಳಿಸದಿದ್ದಾಗ ಹ್ಞಾ ಹ್ಞಾ ಅನ್ನುವುದು ನನಗೆ ಚಿಕ್ಕಂದಿನಿಂದ ರೂಢಿ.

ಮೊದಲ ಅರ್ಧದಲ್ಲಿ ಅಂಥದ್ದೇನೂ ಆಗಲಿಲ್ಲ. ಎರಡನೆಯ ಅರ್ಧ ಶುರುವಾಯಿತು. ಗುಬ್ಬಿಯ ಹುಡುಗ ದಾಳಿಗೆ ಹೋದಾಗ ಆ ಜನಸಾಗರವೆಲ್ಲ ಪಾಠ ಹೇಳಿಕೊಟ್ಟ ಹಾಗೆ ಬಾಯಿ ಮುಚ್ಚಿಕೊಂಡಿತು. ನಂಜ ಗೆರೆ ದಾಟಿ ಬಂದ ತಕ್ಷಣ ಹೋ ಅಂತ ಎದ್ದಿತು. ತಗಡು ಬಡಿದರು, ಶಿಳ್ಳೆ ಹಾಕಿದರು. ಅಂಪೈರು ಕಿವಿಗೆ ಕೈ ಹಿಡಿದು ಅವನ ಹಿಂದೆ ಹಿಂದೆಯೇ ಓಡುತ್ತಿದ್ದರು. ಪಾಪ, ಅವರದೇನೂ ತಪ್ಪಿಲ್ಲ, ಅವರು ತುಮಕೂರಿನವರು, ಯಾರ ಕಡೆಯೂ ಅಲ್ಲ.

ಕೊನೆಯ ನಿಮಿಷ. ಗುಬ್ಬಿ ಒಂದೇ ಪಾಯಿಂಟು ಮುಂದಿತ್ತು. ನಂಜ ಒಳಗೆ ಹೋದ. ಮೂಲೆಯವನನ್ನು ಮುಟ್ಟಿದ, ತಿರುಗುವಾಗ ಇನ್ನೊಬ್ಬನನ್ನೂ ಮುಟ್ಟಿದ. ಎರಡು ಪಾಯಿಂಟು, ಗೆರೆ ಮೂರು ಹೆಜ್ಜೆ ದೂರ. ಆಗ ನಾನಿದ್ದ ಕಡೆಯಿಂದಲೇ ಒಬ್ಬ ಕೂಗಿದ, "ಅನ್ನ ಬೆಂತೇನೋ ನಂಜ!" ಅದನ್ನು ಹತ್ತು ಜನ ಎತ್ತಿಕೊಂಡರು, ಆಮೇಲೆ ನೂರು ಜನ. ಮನೆಯೊಳಗಿನ ಮಾತು ಮೈದಾನದ ಸುತ್ತ ಓಡಾಡಿತು.

ನಂಜ ನಮ್ಮ ಕಡೆ ನೋಡಿದ. ಅವನ ತುಟಿ ಅಲ್ಲಾಡುತ್ತಲೇ ಇತ್ತು. ಅದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ, ದಮ್ಮು ಬಿಟ್ಟಿರಲಿಲ್ಲ. ಅಂಪೈರಿಗೆ ಕೇಳಿಸಲಿಲ್ಲ. ಸೀಟಿ ಊದಿದರು, ಔಟ್ ಕೊಟ್ಟರು. ಗುಬ್ಬಿ ಫೈನಲ್ಲಿಗೆ ಹೋಯಿತು. ಬೆಂಚಿನ ಮೇಲಿದ್ದವರು ಪುಸ್ತಕ ಮುಚ್ಚಿದರು. ಜಿಲ್ಲಾ ತಂಡದ ಪಟ್ಟಿಯಲ್ಲಿ ನಂಜನ ಹೆಸರು ಬರಲಿಲ್ಲ, ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ.

ನಾನೂ ಕೂಗಿದೆನಾ ಅಂತ ನೀವು ಕೇಳಬಹುದು. ಕೂಗಲಿಲ್ಲ. ಆದರೆ ಸುಮ್ಮನಿರಿ ಅಂತ ಪಕ್ಕದವರಿಗೂ ಹೇಳಲಿಲ್ಲ. ಆಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಅವನನ್ನು ಹತ್ತಿಸುವಾಗ, "ಅಂಪೈರು ಸರಿಯಿರಲಿಲ್ಲ ಕಣೋ" ಅಂದೆ. ನಾಚಿಕೆಗೇಡು. ಅವನು ಕಿಟಕಿಯಿಂದ ನನ್ನನ್ನು ನೋಡಿದ, ತಲೆಯಾಡಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿ ಒಂದು ಸಲ ಕೆಡಿಸಿದೆ, ಆಡದೆ ಇನ್ನೊಂದು ಸಲ.

ಮಾರನೆಯ ವರ್ಷ ಪಂದ್ಯಗಳು ಕುಣಿಗಲ್ಲಿನಲ್ಲಿ. ಎದುರುಬದುರಾದವರು ಮತ್ತೆ ಅವೇ ಎರಡು ತಂಡ. ಬಾಷಾ ಸಾಬರು, ರುದ್ರಯ್ಯನವರು, ನಾನು ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಹೋದೆವು. ಸಾಬರಿಗೆ ಬಸ್ಸಿನಲ್ಲಿ ತಲೆ ಸುತ್ತಿತು. ಮುದ್ದೆಯ ವಾದದಲ್ಲಿ ಸ್ವಲ್ಪ ಸತ್ಯವಿದೆ ಅಂತ ರುದ್ರಯ್ಯನವರು ಒಪ್ಪಿಕೊಂಡರು.

ಕುಣಿಗಲ್ಲಿನ ಜನ ಸೇಡಿಗೆ ಸಿದ್ಧವಾಗಿ ಬಂದಿದ್ದರು. ತಗಡು, ತಮಟೆ, ಎಣ್ಣೆ ಡಬ್ಬ ಎಲ್ಲ ಇತ್ತು. ಗುಬ್ಬಿಯ ಹುಡುಗ ಗೆರೆ ದಾಟಿದ್ದೇ ತಡ, ನೆಲ ನಡುಗುವ ಹಾಗೆ ಶುರುಮಾಡಿದರು. ಅವನ ದಮ್ಮು ಅಂಪೈರಿಗೆ ಕೇಳಿಸದೆ ಔಟ್ ಕೊಟ್ಟರು. ಆಗ ನಂಜ ಆಟ ಬಿಟ್ಟು ಹಗ್ಗದ ಹತ್ತಿರ ಬಂದ. ಆ ವರ್ಷ ಕ್ಯಾಪ್ಟನ್ ಅವನೇ. ಕೈ ಎತ್ತಿದ. ಅವನಿಗೆ ಕೂಗಲು ಬರುವುದಿಲ್ಲವಲ್ಲ, ಮುಂದೆ ನಿಂತಿದ್ದವರಿಗೆ ಎಷ್ಟು ಕೇಳಿಸಬೇಕೋ ಅಷ್ಟೇ ಹೇಳಿದ.

"ಸುಮ್ಕಿರ್ರಪ್ಪ. ಅವ್ರ ದಮ್ಮೂ ಕೇಳಿಸ್ಬೇಕು."

ಮುಂದಿನವರು ಹಿಂದಿನವರಿಗೆ ಹೇಳಿದರು, ಹಿಂದಿನವರು ಗೊಣಗಿಕೊಂಡು ತಗಡು ಕೆಳಗಿಟ್ಟರು. ಆಮೇಲೆ ಯಾರು ದಾಳಿಗೆ ಹೋದರೂ ಮೈದಾನದಲ್ಲಿ ಕಬಡ್ಡಿ ಕಬಡ್ಡಿ ಅನ್ನುವ ಒಂದೇ ದನಿ. ಮೊದಲ ಸಲ ನನ್ನ ತಮ್ಮನ ದನಿಯನ್ನು ಅಷ್ಟು ದೂರದಿಂದ ಕೇಳಿದೆ. ಕುಣಿಗಲ್ ಎರಡು ಪಾಯಿಂಟಿನಿಂದ ಸೋತಿತು. ಸ್ವಂತ ಊರಲ್ಲಿ ಸೋಲಿಸಿದ ಅಂತ ಅವನನ್ನು ಆರು ತಿಂಗಳು ಬೈದರು ಅಂತ ಅಮ್ಮ ಹೇಳುತ್ತಿದ್ದಳು.

ವಾಪಸ್ಸು ಬರುವಾಗ ಸಾಬರು ಹೆಬ್ಬೂರು ದಾಟುವವರೆಗೂ ಬಸ್ಸಿನ ಕಂಬಿ ಹಿಡಿದು ನಿಂತಿದ್ದರು. ಆಮೇಲೆ, "ಕ್ಲರ್ಕ್ ಸಾರ್, ಇದು ನಾವು ಗೆದ್ದಿದ್ದಲ್ಲ ಬಿಡಿ" ಅಂದರು. "ಅವ್ರೂರಲ್ಲಿ ನಮಗೆ ನಮ್ಮೂರು ಮಾಡಿಕೊಟ್ಟ, ಆ ಹುಡ್ಗ." ರುದ್ರಯ್ಯನವರು ಕಿಟಕಿಯ ಆಚೆ ನೋಡುತ್ತಿದ್ದರು. ಸಾಬರ ಅಂಗಡಿಯ ಬೆಂಚಿನಲ್ಲಿ ಆ ಚರ್ಚೆ ಮತ್ತೆ ನಡೆಯಲಿಲ್ಲ.

ನಂಜ ಕುಣಿಗಲ್ಲಿನಲ್ಲಿ ಹಿಟ್ಟಿನ ಗಿರಣಿ ಇಟ್ಟ. ಅಷ್ಟು ಸಣ್ಣ ದನಿಯವನು ಜೀವಮಾನವೆಲ್ಲ ಗಿರಣಿ ಸದ್ದಿನಲ್ಲಿ ನಿಂತ. ಹಬ್ಬ, ಮದುವೆ, ತಿಥಿ ಅಂತ ಎಷ್ಟೋ ಸಲ ಒಟ್ಟಿಗೆ ಕೂತು ಉಂಡಿದ್ದೇವೆ. ಗುಬ್ಬಿಯ ಆ ಪಂದ್ಯದ ಮಾತು ಮಾತ್ರ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅನ್ನ ಬೆಂತೇನೋ ಅಂತ ರೇಗಿಸುವುದು ಆ ವರ್ಷವೇ ನಿಂತುಹೋಯಿತು. ಯಾಕೆ ನಿಂತಿತು ಅಂತ ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಇಷ್ಟೆಲ್ಲ ಆ ಬಕೆಟ್ಟಿನ ಮುಂದೆ ಕೂತು ನೆನೆದೆ. ಕೈಯೆಲ್ಲ ಹೊಟ್ಟು. ಹಾಗೇ ಪಂಚೆಗೆ ಒರೆಸಿಕೊಂಡು ನಂಜನಿಗೆ ಫೋನು ಮಾಡಿದೆ. ಆ ಕಡೆ ಗಿರಣಿ ಓಡುತ್ತಿತ್ತು. "ತಡಿ ಅಣ್ಣ, ಮಿಷನ್ ಆಫ್ ಮಾಡ್ತೀನಿ" ಅಂದ. ಸದ್ದು ನಿಧಾನಕ್ಕೆ ಇಳಿದು ನಿಂತಿತು. ಆಗ ಹೇಳಿದೆ. ಬಾಷಾ ಸಾಬರ ಅಂಗಡಿ, ಗೆದ್ದ ವಾದ, ತರಿಸಿದ ಟೀ, ಬಸ್‌ಸ್ಟ್ಯಾಂಡಿನಲ್ಲಿ ಅಂಪೈರಿನ ಮೇಲೆ ಹಾಕಿದ ಸುಳ್ಳು, ಎಲ್ಲ. ತಪ್ಪಾಯ್ತು ಕಣೋ ಅಂದೆ.

ಅವನು ಏನೋ ಅಂದ. ಅದೇ ಹೊತ್ತಿಗೆ ಕೆಳಗೆ ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದಿತು. ನನಗೂ ಈಗ ಕಿವಿ ಮಂದ. ಹ್ಞಾ ಹ್ಞಾ ಅನ್ನಲು ಬಾಯಿ ತೆರೆದವನು ತಡೆದು, ಮೆಟ್ಟಿಲ ತುದಿಗೆ ಹೋಗಿ ಬಗ್ಗಿ ಹೆಂಡತಿಗೆ ಹೇಳಿದೆ.

"ಮಿಕ್ಸಿ ನಿಲ್ಸೇ ಸ್ವಲ್ಪ. ನಂಜ ಮಾತಾಡ್ತಾವ್ನೆ."

ಮಿಕ್ಸಿ ನಿಂತಿತು. ಅವಳು ಟೀವಿಯನ್ನೂ ಆರಿಸಿದಳು. ಫೋನನ್ನು ಕಿವಿಗೆ ಒತ್ತಿ ಹಿಡಿದು, "ಈಗ ಹೇಳಪ್ಪ, ಕೇಳಿಸ್ತದೆ" ಅಂದೆ.

"ಅವತ್ತೇ ಗೊತ್ತಿತ್ತು ಕಣಣ್ಣ" ಅಂದ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ." ಆಮೇಲೆ ಅದೇ ಕುದಿಯುವ ಅನ್ನದ ದನಿಯಲ್ಲಿ ನಕ್ಕ. "ಒಂದು ಅನ್ನ ಬೇಯಕ್ಕೆ ಇಷ್ಟು ವರ್ಷ ಬೇಕಾ?"