ತಪ್ಪು ಮಾಡಲೊಂದು ಮೇಜು

ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹುಬ್ಬಳ್ಳಿ ಗೋಕುಲ ರಸ್ತೆಯ ಪಂಪ್ ಮೋಟಾರ್ ಕಾರ್ಖಾನೆಯಲ್ಲಿ ದೇವಕ್ಕ ಮೊದಲ ಪಾಳಿಯ ಹುಡುಗಿಯರ ಬಳೆ ತೆಗೆಸುತ್ತಿದ್ದಾರೆ.

"ಬಳಿ ತಾಗಿದ್ರ ತಂತಿ ಗೀರತೈತಿ. ನಿನ್ನೇನೂ ಹೇಳೇನಿ, ಇವತ್ತೂ ಹೇಳಾಕತ್ತೇನಿ. ನನ್ನ ಗಂಟಲ ಸಾಲಿ ಗಂಟಿ ಏನ್ರವ್ವಾ?"

ಐದನೇ ಇಯತ್ತೆ ಓದಿದ ದೇವಕ್ಕ ಇಪ್ಪತ್ತೆರಡು ವರ್ಷಗಳಿಂದ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಾರೆ. ಕಲಿತದ್ದೆಲ್ಲ ಬೈಗುಳದಲ್ಲೇ. "ಕೇಳಿದ್ರೂ ಬೈತಿದ್ರು, ಕೇಳದ ಮಾಡಿದ್ರೂ ಬೈತಿದ್ರು." ದಿನಕ್ಕೆ ಎಂಟು ಮೋಟಾರ್ ಮುಗಿಸಲೇಬೇಕು. ಹೊಸಬರಿಗೆ ಹೇಳಿಕೊಟ್ಟ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಕಳೆದ ವರ್ಷ, 2003ರಲ್ಲಿ, ಪುಣೆಯಿಂದ ಬಂದವರೊಬ್ಬರು ಮನಸ್ಸು ಹಗುರ ಮಾಡಿಕೊಳ್ಳುವುದು ಹೇಗೆಂದು ಎರಡು ತಾಸು ಇಂಗ್ಲಿಷಿನಲ್ಲಿ ಹೇಳಿಹೋದರು. ಆ ಎರಡು ತಾಸಿನ ಕೆಲಸವನ್ನು ಪಾಳಿ ಮುಗಿದ ಮೇಲೆ ನಿಂತು ತುಂಬಿಕೊಡಬೇಕಾಯಿತು. ನೆನೆದರೆ ದೇವಕ್ಕ ಇಂದಿಗೂ ಹಣೆ ಚಚ್ಚಿಕೊಳ್ಳುತ್ತಾರೆ. "ಕಣ್ಣ ಮುಚ್ಚಿ ನಗ್ರಿ ಅಂದ್ರು. ನಕ್ಕೇವ್ರಿ. ಆಮ್ಯಾಲ ಬಸ್ ತಪ್ಪಿಸ್ಕೊಂಡು ಅತ್ತೇವಿ."

ಅದೇ ವಾರ ಜಯಾ ಎಂಬ ಹೊಸ ಹುಡುಗಿ ಸುತ್ತಿದ ಮೋಟಾರ್ ಪರೀಕ್ಷೆಯಲ್ಲಿ ಸುಟ್ಟುಹೋಯಿತು. ಸೂಪರ್‌ವೈಸರ್ ಮೈಲಾರಲಿಂಗಪ್ಪ ಎಲ್ಲರೆದುರು ಕೂಗಾಡಿದರು. ಜಯಾ ಕಣ್ಣೊರೆಸಿಕೊಳ್ಳುತ್ತ ಕೈಚೀಲ ಎತ್ತಿಕೊಂಡು ಗೇಟಿನತ್ತ ನಡೆದಳು. ದೇವಕ್ಕ ಅವಳ ರಟ್ಟೆ ಹಿಡಿದು ವಾಪಸು ಕರೆತಂದರು. ಸುಟ್ಟ ಮೋಟಾರನ್ನು ಎಲ್ಲರ ಮುಂದೆ ಬಿಚ್ಚಿದರು.

"ನೋಡ್ರಿ ಸಾಹೇಬ್ರ, ತಂತಿ ಕಬ್ಬಿಣಕ್ಕ ತಾಗದಂಗ ಹಾಕೂ ಒಳಗಿನ ಕಾಗದ ಸರದೈತಿ. ಇದನ್ನ ಆಕಿಗೆ ಯಾರ ತೋರ್ಸಿದ್ರು? ನಾನೂ ತೋರ್ಸಿಲ್ಲ. ಎಂಟು ಮೋಟಾರಿನ ಗಡಿಬಿಡ್ಯಾಗ ನನಗ ಪುರಸೊತ್ತ ಎಲ್ಲಿ ಕೊಟ್ಟೀರಿ? ಹೊರಗ ಹಾಕೂದಿದ್ರ ಇಬ್ಬರನ್ನೂ ಹಾಕ್ರಿ."

ಮೈಲಾರಲಿಂಗಪ್ಪ ಬಗ್ಗಿ ನೋಡಿದರು. "ನನಗೂ ಯಾರೂ ತೋರ್ಸಿರಲಿಲ್ಲ ಬಿಡ್ರಿ," ಎಂದರು ಮೆಲ್ಲಗೆ.

ಜಯಾ ಉಳಿದಳು. ಆದರೆ ದೇವಕ್ಕ ಅಷ್ಟಕ್ಕೇ ಬಿಡಲಿಲ್ಲ. ಹೊಸಬರಿಗೆ ಕಲಿಯಲು ಜಾಗ, ತಮಗೆ ಕಲಿಸಲು ಹೊತ್ತು ಬೇಕೆಂದು ನಾಲ್ಕು ತಿಂಗಳು ಕಚೇರಿಗೆ ಎಡತಾಕಿದರು. "ಈ ಟೇಬಲ್‌ನಾಂವ ಆ ಟೇಬಲ್ ಅಂತಾನ, ಆ ಟೇಬಲ್‌ನಾಂವ ನಾಳೆ ಬರ್ರಿ ಅಂತಾನ. ಚಪ್ಪಲಿ ಸವದ್ವು." ಕೊನೆಗೆ ಮೂಲೆಯಲ್ಲೊಂದು ಮುರುಕು ಮೇಜು ಸಿಕ್ಕಿತು. ಹೊಸಬರು ಮೊದಲ ಹದಿನೈದು ದಿನ ಅಲ್ಲಿ ಹಾಳಾದ ತಂತಿ ಸುತ್ತುತ್ತಾರೆ, ತಪ್ಪು ಮಾಡುತ್ತಾರೆ, ಬಿಚ್ಚುತ್ತಾರೆ. ಅಲ್ಲಿ ಯಾರೂ ಬೈಯುವಂತಿಲ್ಲ. ಕಲಿಸುವ ದಿನ ದೇವಕ್ಕ ಆರು ಮೋಟಾರ್ ಸುತ್ತಿದರೆ ಸಾಕು. ಮೊದಲು ಅಳುತ್ತ ಕೆಲಸ ಬಿಡುವವರು ತಿಂಗಳಿಗೊಬ್ಬರಾದರೂ ಇರುತ್ತಿದ್ದರು. ಮೇಜು ಬಂದ ಮೇಲೆ ಬಿಟ್ಟವಳು ಒಬ್ಬಳೇ, ಅದೂ ಮದುವೆಯಾಗಿ.

ಈಗ ಮತ್ತೇನು ಬೇಕು ಎಂದರೆ ದೇವಕ್ಕ ನಿಟ್ಟುಸಿರು ಬಿಡುತ್ತಾರೆ.

"ಒಂದು ಸ್ಟೂಲ್ ಕೊಡ್ರಿ ಅಂತ ಮೂರು ಅರ್ಜಿ ಕೊಟ್ಟೇನ್ರಿ. ನನಗಲ್ಲ. ಕಲ್ಯಾಕ ಬಂದವರಿಗೆ ಮೊದಲನೇ ದಿನ ಕಾಲ ನಡಗತಾವ."