ಎರಡು ಬೆರಳು ನೊರೆ

ಸುಧಾಳ ಭಾವ, ಮರಳೂರಿನ ಲಕ್ಷ್ಮೀಕಾಂತ್, ಬಿಯರ್ ವಿಷಯದಲ್ಲಿ ಮಹಾಪಂಡಿತರು. ಅಮೃತೂರಿನ ತೋಟದಲ್ಲಿ ಬಾಡೂಟವೆಂದರೆ ಬೆಳಿಗ್ಗೆಯೇ ಬಾಟಲಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಬೋರ್‌ವೆಲ್ ತೊಟ್ಟಿಗೆ ಇಳಿಸಿ, ಕೂಸಿನ ಜ್ವರ ನೋಡುವಂತೆ ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಾರೆ. "ಫ್ರಿಜ್ಜಲ್ಲಿಟ್ರೆ ರುಚಿ ಸತ್ತೋಯ್ತದೆ ಕಣ್ಲಾ! ಲೋಟ ಓರೆ ಹಿಡಿ, ನೊರೆ ಎರಡು ಬೆರಳಿರ್ಲಿ" ಎಂದು ಸುಧಾಳ ಗಂಡನನ್ನೂ ಗದರುತ್ತಾರೆ. ಬೋಟಿ ಫ್ರೈಗೆ ಸ್ಟ್ರಾಂಗು, ಕಡಲೆಕಾಯಿಗೆ ಲೈಟು ಎಂದು ಜಾತಕ ಕೂಡಿಸುತ್ತಾರೆ. ಜ್ವರ ಬಂದರೆ ಫಿಟ್ಸ್ ಬರುವ ಮಗಳನ್ನು ಮಡಿಲಲ್ಲಿಟ್ಟುಕೊಂಡ ಸುಧಾಳಿಗೆ ಈ ಕುಡಿಯುವವರನ್ನೆಲ್ಲ ಕಂಡರೇ ದಿಗಿಲು. ಮೊನ್ನೆಯ ಊಟದಲ್ಲೂ ಮಗುವಿನ ಮೈ ಸುಡತೊಡಗಿತು; ಗಂಡ ಆಗಲೇ ತೂರಾಡುತ್ತಿದ್ದ. ಭಾವ ಕಾರಿನ ಬಾಗಿಲು ತೆಗೆದು ನಿಂತಿದ್ದರು. ಸುಧಾ ಅವರ ಉಸಿರನ್ನು ಮೆಲ್ಲಗೆ ಮೂಸಿದಳು: ಬರೀ ಮಜ್ಜಿಗೆಯ ವಾಸನೆ. "ಹೋದ್ಸಲ ಇವಳಿಗೆ ಫಿಟ್ಸ್ ಬಂದಾಗ ಗಾಡಿ ಓಡ್ಸೋಕೆ ಒಬ್ರೂ ನೆಟ್ಟಗಿರ್ಲಿಲ್ವಲ್ಲಮ್ಮ. ಆವತ್ತಿಂದ ನಂಗೆ ನೊರೆ ನೋಡೋದಷ್ಟೇ. ಕಾರು ಹತ್ತು, ಹತ್ತು."